ಫಜಲುಲ್ಲಾ ಮೇಷ್ಟ್ರ ಅಂಗುಲ

ಶಿರಾದ ತಗಡಿನ ಕೆಲಸದವರ ಮನೆಯಲ್ಲಿ ಹುಟ್ಟಿ ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕನಾದ ಫಜಲುಲ್ಲಾನಿಗೆ ತನ್ನ ಕನ್ನಡದ ಬಗ್ಗೆ ಇದ್ದಷ್ಟು ಹೆಮ್ಮೆ ತನ್ನ ಪದವಿಯ ಬಗ್ಗೆಯೂ ಇರಲಿಲ್ಲ. ಆ ಹೆಮ್ಮೆಯ ಬುಡದಲ್ಲಿ ಇದ್ದದ್ದು ಒಂದು ಅವಮಾನ. ತುಮಕೂರಿನ ಹೈಸ್ಕೂಲಿನಲ್ಲಿ ಪಾಠ ಓದಲು ಎದ್ದು ನಿಂತವನು ‘ಕಳವಳ’ವನ್ನು ‘ಕಲವಲ’ ಎಂದು ಓದಿಬಿಟ್ಟಿದ್ದ. ಅಲ್ಲಿಂದ ಮುಂದೆ ಹುಡುಗರ ಬಾಯಲ್ಲಿ ಅವನ ಹೆಸರೇ ಕಲವಲ. ಆಗ ಅವನು ನಾಲಿಗೆಯನ್ನು ತಿದ್ದಲು ಕುಳಿತ. ಪುಸ್ತಕದ ಕನ್ನಡವನ್ನು ಬಾಯಿಪಾಠ ಮಾಡಿದ. ಮೂವತ್ತು ದಾಟುವ ಹೊತ್ತಿಗೆ ಅವನ ಮಾತಿನಲ್ಲಿ ಒಂದು ಉರ್ದು ಪದ ಹೆಕ್ಕಬೇಕೆಂದರೂ ಸಿಗುತ್ತಿರಲಿಲ್ಲ. ಇಂಗ್ಲಿಷ್ ಪದವಂತೂ ಅನಿವಾರ್ಯವಾದಾಗ ಮಾತ್ರ, ಅದೂ ಸಂಕೋಚದಿಂದಲೇ ಬರುತ್ತಿತ್ತು.

ಅವನ ವಿಭಾಗದ ಮುಖ್ಯಸ್ಥರು ಪುಣೆಯ ಕಡೆಯ ಪ್ರಾಧ್ಯಾಪಕರು. ಕನ್ನಡ ಬಾರದು. ಹೊರದೇಶದಲ್ಲಿ ಓದಿ ಬಂದಿದ್ದ ಅವರು ಸಿಸ್ಟಮ್ಸ್ ಎಂಜಿನಿಯರಿಂಗ್ ಎಂಬ ಹೊಸ ವಿದ್ಯೆಯನ್ನು ಕಲಿಸುತ್ತಿದ್ದರು. ಬೇರೆ ಬೇರೆ ಕಡೆ ಬೇರೆ ಬೇರೆ ಕೈಗಳು ಮಾಡಿದ ಭಾಗಗಳು ಕೂಡಿ ಒಂದೇ ಯಂತ್ರವಾಗುವುದು ಹೇಗೆ, ಆಗದಿದ್ದರೆ ಏಕೆ ಆಗಲಿಲ್ಲ ಎಂಬುದು ಅದರ ವಿಷಯ. ಯಂತ್ರ ಮುರಿಯುವುದು ಭಾಗದ ಒಳಗಲ್ಲ, ಎರಡು ಭಾಗ ಸೇರುವ ಸಂದಿನಲ್ಲಿ ಎಂದು ಅವರು ಪದೇ ಪದೇ ಹೇಳುತ್ತಿದ್ದರು. ಫಜಲುಲ್ಲಾ ತನ್ನ ತರಗತಿಗಳಲ್ಲಿ ಅದೇ ಮಾತನ್ನು ತನ್ನದೆಂಬಂತೆ ಹೇಳುತ್ತಿದ್ದ. ಮಾತು ಸೊಗಸಾಗಿತ್ತು. ಸೊಗಸಾದ ಮಾತನ್ನು ಪರೀಕ್ಷಿಸದೆ ನಂಬುವ ಚಾಳಿ ವಿಜ್ಞಾನಿಗಳಲ್ಲಿಯೂ ಇದೆ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಪ್ರಾಧ್ಯಾಪಕರಿಗೆ ಒಂದು ಪ್ರಯೋಗ ಹೊಳೆಯಿತು. ಎತ್ತು ಸುತ್ತಿಸಿ ಬಾವಿಯಿಂದ ನೀರೆತ್ತುವ ಚಕ್ರವನ್ನು ಒಬ್ಬರನ್ನೊಬ್ಬರು ಕಾಣದ ಕಸುಬುದಾರರಿಂದ ಮಾಡಿಸಬೇಕು. ಮರದ ಚಕ್ರ ಮಧುಗಿರಿಯಲ್ಲಿ, ಕಬ್ಬಿಣದ ಅಚ್ಚು ಮತ್ತು ಸರಪಳಿ ಕೊರಟಗೆರೆಯಲ್ಲಿ, ನೀರಿನ ಡಬ್ಬಿಗಳು ಶಿರಾದಲ್ಲಿ. ಜೋಡಿಸುವುದು ಪಾವಗಡದ ಆಚೆ ವಳ್ಳೂರಿನ ಒಂದು ಬಾವಿಯ ಮೇಲೆ. ನಕ್ಷೆ ಓದಲು ಬಾರದವರ ಬಳಿಗೂ ಅಳತೆ ಸಾಗಬೇಕು, ಆದ್ದರಿಂದ ಎಲ್ಲವನ್ನೂ ಬಾಯಿಮಾತಿನಲ್ಲೇ ಹೇಳಬೇಕು ಎಂದರು. ಬಾಯಿ ಫಜಲುಲ್ಲಾನದು.

ಮಧುಗಿರಿಯ ಬಡಗಿ ಕದರಾಚಾರಿ ಅರವತ್ತರ ಹತ್ತಿರದವರು. ಗಾಡಿ, ಕಂಬ, ಬಾಗಿಲುವಾಡ, ಎಲ್ಲದರಲ್ಲೂ ಪಳಗಿದ ಕೈ. ಅವರ ಅಂಗಳದಲ್ಲಿ ಜಾಲಿಮರದ ದಿಮ್ಮಿಯ ಮೇಲೆ ಕುಳಿತು ಫಜಲುಲ್ಲಾ ಪ್ರಾಧ್ಯಾಪಕರ ಮಾತನ್ನು ಕನ್ನಡಕ್ಕೆ ತಂದ: “ಚಕ್ರದ ವ್ಯಾಸ ಅರವತ್ತು ಅಂಗುಲ. ನಡುವಿನ ರಂಧ್ರ ಎರಡು ಅಂಗುಲ. ಅಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಕೂಡದು.”

ಕದರಾಚಾರಿ ಬಾಯಿ ತುಂಬ ನಕ್ಕರು. “ಸಾಬ್ರಾದ್ರೂ ಪುರಾಣ ಹೇಳೋರಂಗೆ ಮಾತಾಡ್ತೀರಲ್ಲ ಮೇಷ್ಟ್ರೆ! ಲೇ ಕಾಟೀ, ಬಂದು ಕೇಳ್ ಬಾ ಇಲ್ಲಿ, ಕನ್ನಡ ಅಂದ್ರೆ ಇದು ಕಣೆ.”

ಅವರ ಹೆಂಡತಿ ಕಾಟಮ್ಮ ಮಜ್ಜಿಗೆ ತಂದವಳು ಒಂದು ಗಳಿಗೆ ನಿಂತು ಕೇಳಿ, “ನಿನ್ ಬಾಯ್ಗಿಂತ ವಾಸಿ ಬುಡು,” ಎಂದಳು. ಆ ಹೊಗಳಿಕೆ ಮಜ್ಜಿಗೆಯ ಜೊತೆ ಫಜಲುಲ್ಲಾನ ಹೊಟ್ಟೆಗಿಳಿದು ತಣ್ಣಗೆ ಹರಡಿತು.

ಕೊರಟಗೆರೆಯ ಕಮ್ಮಾರನಿಗೂ ಅವನು ಅಂಗುಲವೆಂದೇ ಹೇಳಿದ. ಬಸ್ಸು ಲಾರಿಗಳ ರಿಪೇರಿ ಮಾಡುವ ಆತನ ಬಳಿ ಇದ್ದದ್ದು ಇಂಚಿನ ಉಕ್ಕಿನ ಪಟ್ಟಿಯೊಂದೇ; ಅವನು ಅದರಲ್ಲೇ ಅಳೆದ. ಶಿರಾದಲ್ಲಿ ಡಬ್ಬಿ ಮಾಡಿದವರು ಫಜಲುಲ್ಲಾನ ಸ್ವಂತ ಚಿಕ್ಕಪ್ಪ ಹುಸೇನ್ ಸಾಬ್. ಮನೆಯೊಳಗೆ ಕುಳಿತು ಉರ್ದುವಿನಲ್ಲಿ ಹೇಳುವಾಗ ಅವನ ಬಾಯಿಗೆ ಸಹಜವಾಗಿ ಬಂದದ್ದು ಇಂಚು.

ವಳ್ಳೂರಿನ ಬಾವಿಯ ಸುತ್ತ ಅಂದು ಊರೇ ನೆರೆದಿತ್ತು. ಗಾಡಿಯಿಂದ ಇಳಿಸಿದ ಚಕ್ರ ಕಣ್ಣಿಗೆ ಹಬ್ಬವಾಗಿತ್ತು. ಹಲ್ಲುಗಳ ಕೆತ್ತನೆಯಲ್ಲಿ ಒಂದು ಗೀರು ಕೂಡ ಇರಲಿಲ್ಲ. ಕಬ್ಬಿಣದ ಅಚ್ಚನ್ನು ಅದರ ನಡುವಿನ ರಂಧ್ರಕ್ಕೆ ತೂರಿಸಲು ಹೋದರು. ಹೋಗಲಿಲ್ಲ. ತಿರುಗಿಸಿ ನೋಡಿದರು, ಎಣ್ಣೆ ಸವರಿ ಬಡಿದರು. ಸರಪಳಿಯನ್ನು ಹಲ್ಲುಗಳ ಮೇಲೆ ಹಾಸಿದರೆ ಒಂದು ಕೊಂಡಿಯಾದರೂ ಕೂರಲಿಲ್ಲ. ಇಡೀ ಚಕ್ರವೇ ಗಿಡ್ಡ.

ಬಾವಿಯ ಯಜಮಾನ ದೊಡ್ಡಹನುಮಯ್ಯ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. “ಏಮಯ್ಯಾ ಆಚಾರಿ,” ಎಂದ, “ಬಾವಿಗೆ ಚಕ್ರ ಮಾಡಯ್ಯಾ ಅಂದ್ರೆ ಮೊಮ್ಮಗಳ ಆಟಕ್ಕೆ ಬಂಡಿ ಮಾಡ್ಕಂಡು ಬಂದಿದ್ದೀಯಲ್ಲ!”

ಜನ ಹೋ ಎಂದು ನಕ್ಕರು. ಕದರಾಚಾರಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಪ್ರಾಧ್ಯಾಪಕರು ಮಾತ್ರ ನಗಲಿಲ್ಲ. ರಂಧ್ರವನ್ನು ಅಳೆದು, ಫಜಲುಲ್ಲಾನ ಕಡೆ ತಿರುಗಿ ಇಂಗ್ಲಿಷಿನಲ್ಲಿ, “ಯಾವುದರಿಂದ ಅಳೆದರು ಎಂದು ಕೇಳಿ,” ಎಂದರು.

ಕೇಳಿದ. ಮುದುಕರು ಸೊಂಟಕ್ಕೆ ಸಿಕ್ಕಿಸಿದ್ದ ಅಳತೆಯ ಕೋಲನ್ನು ಹೊರತೆಗೆದರು. “ನೀವ್ ಹೇಳ್ದಂಗೇ ಸ್ವಾಮಿ, ಅಂಗುಲಕ್ಕೆ ಅಂಗುಲ ಇಟ್ಟಿದ್ದೀನಿ. ನಮ್ಮಪ್ಪನ ಕಾಲದ ಕೋಲು ಇದು.”

ಮೊಳಕ್ಕೆ ಇಪ್ಪತ್ತನಾಲ್ಕು ಅಂಗುಲದ ಬಡಗಿಯ ಕೋಲು. ಗೀರುಗಳು ಒತ್ತೊತ್ತಾಗಿದ್ದವು. ಅಂಥ ನಾಲ್ಕು ಅಂಗುಲ ಸೇರಿದರೆ ಮೂರು ಇಂಚು. ಫಜಲುಲ್ಲಾನಿಗೆ ನೋಡಿದೊಡನೆ ಎಲ್ಲವೂ ತಿಳಿಯಿತು. ಶಾಲೆಯ ಪುಸ್ತಕ ಇಂಚಿಗೆ ಅಂಗುಲವೆನ್ನುತ್ತದೆ; ಪುಸ್ತಕದ ಅಂಗುಲವನ್ನು ಅವನು ಕೋಲಿನ ಅಂಗುಲವಿರುವವರ ಅಂಗಳಕ್ಕೆ ಒಯ್ದು ಸುರಿದಿದ್ದ. ಇಂಚು ಎಂದು ಹಳ್ಳಿಯ ಮಕ್ಕಳೂ ಹೇಳುವ ಪದ ಅವನ ಬಾಯಿಗೆ ಕೀಳಾಗಿ ಕಂಡಿತ್ತು.

ಹೇಳುವುದಕ್ಕೆ ಒಂದೇ ವಾಕ್ಯ ಸಾಕಿತ್ತು. ಆದರೆ ನಗುತ್ತಿದ್ದ ಜನ, ಕಾಯುತ್ತಿದ್ದ ಪ್ರಾಧ್ಯಾಪಕರು, ಇನ್ನೂ ಕಾಯಂ ಆಗದ ಕೆಲಸ. ಇವೆಲ್ಲಕ್ಕಿಂತ ಮಿಗಿಲಾಗಿ, ಸಾಬಿಗೆ ಕನ್ನಡ ಸರಿಯಾಗಿ ಬಾರದು ಎಂಬ ಆ ಹಳೆಯ ತರಗತಿಯ ನಗೆ ಕಿವಿಯಲ್ಲಿ ಎದ್ದಿತು. ಅವನು ಪ್ರಾಧ್ಯಾಪಕರಿಗೆ ಹೇಳಿದ: “ಆಚಾರಿ ತಮ್ಮ ಕಣ್ಣು ಮೊದಲಿನಂತಿಲ್ಲ ಎನ್ನುತ್ತಾರೆ.”

ಪ್ರಾಧ್ಯಾಪಕರು ಮರುಗಿದರು. “ಪಾಪ. ಅವರ ತಪ್ಪಲ್ಲವೆಂದು ಹೇಳಿ.”

ಫಜಲುಲ್ಲಾ ಕದರಾಚಾರಿಯತ್ತ ತಿರುಗಿದ. “ನಿಮ್ಮ ಕಣ್ಣು ಮಂಜಾಗಿರಬೇಕು, ಅದು ನಿಮ್ಮ ತಪ್ಪಲ್ಲ ಎಂದು ಹೇಳುತ್ತಿದ್ದಾರೆ.”

“ಅಂಗಂದ್ರಾ?” ಎಂದರು ಮುದುಕರು. ಪ್ರಾಧ್ಯಾಪಕರ ಮುಖವನ್ನು ನೋಡಿದರು. ಅಲ್ಲಿ ಕರುಣೆಯಿತ್ತು, ಹೇಳಿದ ಮಾತಿಗೆ ಅದು ಸರಿಯಾಗಿ ಹೊಂದುತ್ತಿತ್ತು. “ದೊಡ್ಡೋರು, ಓದಿದೋರು. ಅವ್ರಂದ್ ಮೇಲೆ ಇದ್ರೂ ಇರಬೌದು.” ಕೋಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ದೂರ ಹಿಡಿದು ನೋಡಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಬೆಂಗಳೂರಿನಲ್ಲಿ ಪ್ರಾಧ್ಯಾಪಕರು ವಳ್ಳೂರಿನ ಚಕ್ರವನ್ನು ಪಾಠವಾಗಿ ಮಾಡಿಕೊಂಡರು. ಎಂಥ ವ್ಯವಸ್ಥೆಯಲ್ಲೂ ಅತ್ಯಂತ ದುರ್ಬಲವಾದ ಭಾಗ ಮನುಷ್ಯನ ಕಣ್ಣು ಎಂದು ಹೇಳಿ, ಮುದುಕ ಬಡಗಿಯ ಗಿಡ್ಡ ಚಕ್ರವನ್ನು ಹಲಗೆಯ ಮೇಲೆ ಬರೆಯುತ್ತಿದ್ದರು. ವಿದ್ಯಾರ್ಥಿಗಳು ನಗುತ್ತಿದ್ದರು. ಫಜಲುಲ್ಲಾ ಹಿಂದಿನ ಸಾಲಿನಲ್ಲಿ ಕುಳಿತು ಬೆರಳಿನ ಉಗುರು ನೋಡಿಕೊಳ್ಳುತ್ತಿದ್ದ. ಅವನ ಕೆಲಸ ಕಾಯಂ ಆಯಿತು.

ಮರುವರ್ಷ ಬಕ್ರೀದಿಗೆ ಶಿರಾಕ್ಕೆ ಹೋದಾಗ ಹುಸೇನ್ ಸಾಬ್ ಊಟದ ನಡುವೆ ಕೇಳಿದರು: “ಆ ಮಧುಗಿರಿ ಬಡಗಿ ಕೆಲಸ ಬಿಟ್ಟು ಕೂತಿದ್ದಾನಂತಲ್ಲ ಬೇಟಾ? ಸಂತೆಯಲ್ಲಿ ಯಾವುದೋ ಚಶ್ಮಾ ಕೊಂಡು ಹಾಕಿಕೊಂಡಿದ್ದಾನಂತೆ, ಅದರಲ್ಲಿ ಏನೂ ಕಾಣಿಸದಂತೆ. ನನಗೆ ಇಂಚ್ ಅಂದೆ, ಡಬ್ಬಿ ಸರಿಹೋಯಿತು. ಅವನಿಗೆ ಏನಂದೆ?”

ಕೇಳಿದವರ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ. ಫಜಲುಲ್ಲಾ ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಅವನು ನೇರವಾಗಿ ಮಧುಗಿರಿಗೆ ಹೋಗಲಿಲ್ಲ. ಸುಲಭವಾದದ್ದನ್ನು ಮೊದಲು ಮಾಡಿದ: ಬೆಂಗಳೂರಿಗೆ ಹಿಂದಿರುಗಿ ಪ್ರಾಧ್ಯಾಪಕರಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದ. ಅವರು ಕೋಪಿಸಿಕೊಳ್ಳುವರೆಂದು ಎಣಿಸಿದ್ದ. ಅವರ ಮುಖ ಅರಳಿತು. “ಎಷ್ಟು ಚೆನ್ನಾಗಿದೆ! ಸಂದು ಎಂದರೆ ಇದೇ ಅಲ್ಲವೇ? ಪಾಠ ಇನ್ನೂ ಬಲವಾಯಿತು,” ಎಂದರು. ಮುದುಕ ಇಷ್ಟು ಹೊತ್ತಿಗೆ ಮರೆತಿರುತ್ತಾನೆ, ಕೆದಕಬೇಡಿ ಎಂದೂ ಸೇರಿಸಿದರು. ಅಷ್ಟು ಅಗ್ಗವಾಗಿ ಸಿಕ್ಕಿದ ಕ್ಷಮೆಯನ್ನು ಹೊತ್ತು ಹೊರಬಂದಾಗ, ತಾನು ತಪ್ಪು ಬಾಗಿಲನ್ನು ತಟ್ಟಿದೆನೆಂದು ಅವನಿಗೆ ಗೊತ್ತಾಯಿತು. ಕಣ್ಣು ಕಳೆದುಕೊಂಡವರು ಆ ಬಾಗಿಲ ಹಿಂದೆ ಇರಲಿಲ್ಲ.

ಮಧುಗಿರಿಯ ಅಂಗಳದಲ್ಲಿ ಮರದ ಹೊಟ್ಟು ಇರಲಿಲ್ಲ, ಗುಡಿಸಿ ಸಾರಿಸಿತ್ತು. ಕದರಾಚಾರಿ ಜಗುಲಿಯ ಮೇಲೆ ದಪ್ಪಗಾಜಿನ ಕನ್ನಡಕ ಹಾಕಿಕೊಂಡು ಕುಳಿತಿದ್ದರು. ಹೆಜ್ಜೆ ಸಪ್ಪಳಕ್ಕೆ, “ಯಾರದು?” ಎಂದರು. ಹೆಸರು ಕೇಳಿ ಎದ್ದು ನಿಲ್ಲಲು ಹೋದರು. ಫಜಲುಲ್ಲಾ ನಿಂತಲ್ಲೇ ಹೇಳಿಬಿಟ್ಟ. ಕಣ್ಣು ಸರಿಯಾಗಿದೆ, ಕೈ ಸರಿಯಾಗಿದೆ, ಇಂಚನ್ನು ಅಂಗುಲವೆಂದು ತಾನು ಹೇಳಿದ ಪದ ತಪ್ಪು.

ಮುದುಕರು ಮೆಲ್ಲಗೆ ನಕ್ಕರು. “ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದ್ರಾ ಮೇಷ್ಟ್ರೆ? ದೊಡ್ಡ ಮನಸು ನಿಮ್ದು. ಬುಡಿ, ವಯಸಾದ್ ಮ್ಯಾಲೆ ಎಲ್ರಿಗೂ ಬರೋದೆ.”

“ಸಮಾಧಾನಕ್ಕಲ್ಲ ಆಚಾರ್ರೆ. ಸತ್ಯವಾಗಿ.”

“ಅಂಗೇ ಅನ್ನಿ. ಕಾಟೀ, ಮೇಷ್ಟ್ರಿಗೆ ನೀರು ತಾ.”

ನೀರು ಬರಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕಾಟಮ್ಮ ಒಳಗಿನಿಂದ ಅಳತೆಯ ಕೋಲು ತಂದಳು. ಫಜಲುಲ್ಲಾ ತೋರಿಸಲೆಂದು ತಂದಿದ್ದ ಇಂಚುಪಟ್ಟಿಯನ್ನು ಅವನ ಕೈಯಿಂದ ಕಿತ್ತುಕೊಂಡು ಪಕ್ಕಕ್ಕೆ ಪಕ್ಕ ಇಟ್ಟಳು. ಅವಳಿಗೆ ಓದು ಬಾರದು. ಗೀರುಗಳು ಒಂದಕ್ಕೊಂದು ಸೇರುವುದಿಲ್ಲ ಎಂಬುದಕ್ಕೆ ಓದು ಬೇಕಿರಲಿಲ್ಲ.

“ಮೇಷ್ಟ್ರೆ, ಇದು ನಿಮಗೆ ಯಾವಾಗ ಗೊತ್ತಾಯ್ತು?”

“ಅಂದೇ. ಬಾವಿಯ ಹತ್ತಿರ.”

“ಆ ದೊಡ್ಡೋರು ಕಣ್ಣಿನ ಮಾತು ಎತ್ತಿದ್ರಾ?”

“ಇಲ್ಲ. ಅದು ನನ್ನ ಮಾತು.”

ಕಾಟಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅವತ್ತೇ ಗೊತ್ತಿತ್ತು ನಿಂಗೆ,” ಎಂದಳು. ‘ನಿಮಗೆ’ ಹೋಗಿ ‘ನಿಂಗೆ’ ಆಗಿತ್ತು. “ಉಳಿ ಬಾಚಿ ಎಲ್ಲಾ ನನ್ ತಮ್ಮಂಗೆ ಕೊಟ್ಟು ಬಾಗಿಲಾಗೆ ಕುಂತವ್ನೆ ಈವಯ್ಯ. ಸಾರಲ್ಲಿ ಉಪ್ಪು ಜಾಸ್ತಿಯಾದ್ರೂ ಕಣ್ಣು ಕಾಣದಕ್ಕೆ ಅಂತಾನೆ. ನಿನ್ ಚೆಂದದ ಕನ್ನಡಕ್ಕೆ ಬೆಂಕಿ ಹಾಕ.”

“ಬುಡೇ,” ಎಂದರು ಕದರಾಚಾರಿ. ದನಿ ಸಣ್ಣದಾಗಿತ್ತು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಕೋಲಿನ ಗೀರುಗಳ ಮೇಲೆ ಹೆಬ್ಬೆರಳು ಓಡಾಡುತ್ತಿತ್ತು.

“ಬುಡೋದಿಲ್ಲ. ನಕ್ಕೋರು ವಳ್ಳೂರಾಗವ್ರೆ. ಅಲ್ಲಿ ಬಂದು ಹೇಳ್ಲಿ. ನಾನೂ ಬತ್ತೀನಿ, ನನ್ ಕಿವೀಲಿ ಕೇಳಬೇಕು.”

ಮೂವರೂ ಪಾವಗಡದ ಬಸ್ಸು ಹತ್ತಿದರು. ವಳ್ಳೂರಿನಲ್ಲಿ ಚಕ್ರ ಬಾವಿಯ ಪಕ್ಕದಲ್ಲೇ ಮಲಗಿತ್ತು, ಅದರ ಮೇಲೆ ಯಾರೋ ಮೆಣಸಿನಕಾಯಿ ಒಣಗಲು ಹಾಕಿದ್ದರು. ದೊಡ್ಡಹನುಮಯ್ಯನನ್ನೂ ಅಕ್ಕಪಕ್ಕದ ಹೊಲದವರನ್ನೂ ಕಾಟಮ್ಮ ಕೂಗಿ ಕರೆದಳು. ಫಜಲುಲ್ಲಾ ಬಾಯಿ ತೆರೆದಾಗ ಬಂದದ್ದು ಅವನ ತಂದೆ ಸಂತೆಯಲ್ಲಿ ಆಡುತ್ತಿದ್ದ ಕನ್ನಡ. ಳಕಾರ ಕೆಲವು ಕಡೆ ಜಾರಿತು. ಯಾರೂ ಅದನ್ನು ಗಮನಿಸಲಿಲ್ಲ. ಅವರೆಲ್ಲ ಗಮನಿಸುತ್ತಿದ್ದದ್ದು ಅವನು ಹೇಳುತ್ತಿದ್ದ ವಿಷಯವನ್ನು, ಆ ವಿಷಯ ಳಕಾರಕ್ಕಿಂತ ಕಠಿಣವಾಗಿತ್ತು.

ದೊಡ್ಡಹನುಮಯ್ಯ ಕೇಳಿ ಮುಗಿಸಿ, “ಅಂಗಾದ್ರೆ ನಾವು ನಗಬೇಕಾಗಿದ್ದು ನಿನ್ನ ನೋಡಿ ಕಣಯ್ಯಾ ಸಾಬಿ,” ಎಂದ. ಆದರೆ ನಗಲಿಲ್ಲ. ಕದರಾಚಾರಿಯ ಕಡೆ ತಿರುಗಿ ತಲೆಗೆ ಸುತ್ತಿದ್ದ ವಲ್ಲಿ ತೆಗೆದ. “ಆಚಾರಿ, ಆವತ್ತು ಅಂದಿದ್ದು ಮನಸಾಗೆ ಇಟ್ಕೊಬ್ಯಾಡ. ಬಾವಿ ಇನ್ನೂ ಅಂಗೇ ಐತೆ. ಮಾಡ್ತೀಯಾ?”

ಕದರಾಚಾರಿ ಬಾವಿಯ ಕಟ್ಟೆಗೆ ಹೋಗಿ ಬಗ್ಗಿ ನೋಡಿದರು. ಬಾಯಿಯ ಅಗಲ ಅಳೆಯಲು ದೊಡ್ಡಹನುಮಯ್ಯನ ಹಗ್ಗವನ್ನು ಕೇಳಿ ತೆಗೆದುಕೊಂಡರು. ಒಂದು ತುದಿಯನ್ನು ಕಾಲಡಿಯಲ್ಲಿ ಅದುಮಿ ಇನ್ನೊಂದನ್ನು ಎತ್ತಿದಾಗ ಫಜಲುಲ್ಲಾ ಆಚೆ ಬದಿಗೆ ಓಡಿ ಕೈ ಚಾಚಿದ.

“ಬ್ಯಾಡಿ ಮೇಷ್ಟ್ರೆ,” ಎಂದರು ಮುದುಕರು. ದನಿಯಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆಯನ್ನೂ ಬಿಟ್ಟಿರಲಿಲ್ಲ. “ನೀವು ನೆಳ್ಳಾಗೆ ಕುಂತ್ಕಳಿ. ಕಾಟೀ, ನೀನ್ ಹಿಡಿ.”

ಕಾಟಮ್ಮ ಸೆರಗು ಸಿಕ್ಕಿಸಿ ಹಗ್ಗ ಹಿಡಿದಳು. ಆಚಾರಿ ಅಳತೆಯನ್ನು ಗಟ್ಟಿಯಾಗಿ ಕೂಗಿ ಹೇಳಿದರು. ದೊಡ್ಡಹನುಮಯ್ಯ ಅದನ್ನು ಅಷ್ಟೇ ಗಟ್ಟಿಯಾಗಿ ತಿರುಗಿ ಹೇಳಿ, ಸರಿಯೇ ಎಂದು ಕೇಳಿ, ನೆಲದ ಮೇಲೆ ಗೀರು ಎಳೆದ. ಫಜಲುಲ್ಲಾ ಹುಣಸೆಮರದ ಬುಡಕ್ಕೆ ಹೋಗಿ ಕುಳಿತ. ಸಂಜೆಯ ಬಸ್ಸು ಬರುವವರೆಗೂ ಯಾರೂ ಅವನನ್ನು ಏನೂ ಕೇಳಲಿಲ್ಲ.