ಮಾವನ ಕಿವಿ, ಅತ್ತೆಯ ನಾಲಿಗೆ

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಮಗಳ ಮದುವೆ ಮಾಡಿ ಮುಗಿಸುವವರೆಗೂ ಗಂಡನ ಜೊತೆ ಒಂದು ತಿಂಗಳು ಒಟ್ಟಿಗೆ ಕೂತು ಉಂಡವಳಲ್ಲ. ಮಾವ ಮಗ್ಗದ ಯಂತ್ರಗಳ ಫಿಟ್ಟರ್. ಎಲ್ಲಿ ಹೊಸ ಗಿರಣಿ ಎದ್ದರೂ ಕಂಪನಿ ಅವರನ್ನೇ ಕಳಿಸುತ್ತಿತ್ತು. ಅವರು ಮನೆಗೆ ಬರುವುದೇ ಬಟ್ಟೆ ಒಗೆಸಿಕೊಳ್ಳುವುದಕ್ಕೆ ಎಂದು ಅತ್ತೆ ನಗಾಡುತ್ತಿದ್ದಳು. ಹೀಗಿರುವಾಗ ಹೊರದೇಶದ ಗಿರಣಿಯೊಂದರಲ್ಲಿ ಒಂದು ವರ್ಷದ ಕೆಲಸ ಬಂತು. "ಈ ಸಲ ನೀನೂ ಬಾ" ಅಂದರು ಮಾವ. ಅತ್ತೆಗೆ ಕೈಕಾಲೇ ಆಡಲಿಲ್ಲ.

ಅಲ್ಲಿ ಅವರಿಗೆ ಮೂರನೇ ಮಹಡಿಯಲ್ಲಿ ಎರಡು ಕೋಣೆ. ಕಿಟಕಿ ತೆರೆದರೆ ಕೆಳಗೆ ಬಸ್ಸು ತಿರುಗುವ ಜಾಗ, ಎದುರಿಗೆ ಬ್ರೆಡ್ಡಿನ ಅಂಗಡಿ. ಅತ್ತೆಗೆ ಅಲ್ಲಿಯ ಭಾಷೆಯ ಗಂಧಗಾಳಿ ಇಲ್ಲ. ಮಾವನಿಗೆ ಹೊರಡುವ ಮೊದಲು ಕಂಪನಿಯೇ ಪಾಠ ಹೇಳಿಸಿತ್ತು. ಬೋರ್ಡು, ಪೇಪರು ಎಲ್ಲ ಸರಾಗವಾಗಿ ಓದುತ್ತಿದ್ದರು. ಆದರೆ ಯಾರಾದರೂ ಎದುರು ನಿಂತು ಮಾತಾಡಿಸಿದರೆ ಮಾತ್ರ ಎಡವಟ್ಟು. ಬ್ರೆಡ್ಡಿನ ಅಂಗಡಿಯ ಹುಡುಗಿ, ಹೋಳು ಮಾಡಿಕೊಡಲೇ ಎಂದು ಕೈಯಾಡಿಸಿ ಕೇಳಿದರೆ ಮಾವ ಎರಡು ಬೆರಳು ತೋರಿಸಿ ಎರಡು ಬ್ರೆಡ್ಡು ಹೊತ್ತು ತಂದರು. ಕ್ಷೌರದವನು ಏನೋ ಕೇಳಿದನಂತೆ, ಇವರು ತಲೆಯಾಡಿಸಿದರಂತೆ. ಬಾಗಿಲು ತೆರೆದ ಅತ್ತೆ ಗಂಡನ ನುಣ್ಣನೆ ತಲೆ ನೋಡಿ ಬಿದ್ದು ಬಿದ್ದು ನಕ್ಕಳು.

"ಭಾಷೆ ಬರಲ್ಲ ಅಂದ್ರೆ ತಲೆ ಬೋಳಿಸ್ಕೊಂಡು ಬರೋದಾ?"

"ಅವ್ರದ್ದು ಬಹಳ ಸ್ಪೀಡು ಕಣೆ" ಅಂದರು ಮಾವ, ಟೋಪಿ ಹುಡುಕುತ್ತಾ.

ಚಳಿ ಹಿಡಿದುಕೊಂಡ ಒಂದು ರಜಾದಿನ ಅತ್ತೆ ಬಚ್ಚಲಿಗೆ ಹೋದವಳು ಹೊರಗೆ ಬರಲು ಬಾಗಿಲಿನ ಹಿಡಿಯನ್ನು ಎಳೆದಳು. ಹಿಡಿ ಕಿತ್ತು ಕೈಗೇ ಬಂತು, ಬಾಗಿಲು ತೆರೆಯಲಿಲ್ಲ. ಮಾವ ಆಚೆಯ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದರು. "ರೀ" ಅಂದಳು. ಬಾಗಿಲು ಬಡಿದಳು. ಚೆಂಬಿನಿಂದ ಗೋಡೆಗೆ ಕುಟ್ಟಿದಳು. ಮೇಲಿನ ಮನೆಯವರಿಗೆ ಗಾಬರಿಯಾಗಿರಬೇಕು, ಇಳಿದು ಬಂದು ಕರೆಗಂಟೆ ಒತ್ತಿದರು. ಗಂಟೆ ಮತ್ತೆ ಮತ್ತೆ ಬಡಿದುಕೊಂಡದ್ದು ಒಳಗಿದ್ದ ಅತ್ತೆಗೇ ಚೆನ್ನಾಗಿ ಕೇಳಿಸಿತು. ಯಾರೂ ಎದ್ದು ಹೋಗಿ ಬಾಗಿಲು ತೆರೆಯಲಿಲ್ಲ. ಬಂದವರು ಮೆಟ್ಟಿಲು ಹತ್ತಿ ವಾಪಸ್ಸು ಹೋದರು. ಗಂಡನಿಗೆ ಏನೋ ಆಗಿಹೋಗಿದೆ ಎಂದುಕೊಂಡಳು ಅತ್ತೆ.

ಎಷ್ಟೋ ಹೊತ್ತಿನ ಮೇಲೆ ಮಾವ ಕೈ ತೊಳೆಯಲು ಬಂದು ಬಾಗಿಲು ತಳ್ಳಿದರು. ನೆಲದ ಮೇಲೆ ಕೂತು ಅಳುತ್ತಿದ್ದ ಹೆಂಡತಿಯನ್ನು ನೋಡಿ ಬೆಚ್ಚಿಬಿದ್ದರು.

"ಏನಾಯ್ತೇ? ಕರೀಬಾರ್ದಾಗಿತ್ತಾ?"

ಅತ್ತೆ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡಳು. ಆ ಮುಖದಲ್ಲಿ ನಾಟಕ ಇರಲಿಲ್ಲ. ಸಂಜೆ ಅವರು ಮತ್ತೆ ಪೇಪರು ಹಿಡಿದಾಗ ಕುರ್ಚಿಯ ಹಿಂದೆ ಹೋಗಿ ನಿಂತು, ಮೆಲ್ಲಗೇನೂ ಅಲ್ಲ, ಸರಿಯಾದ ದನಿಯಲ್ಲೇ ಅಂದಳು: "ರೀ, ಮನೆಗೆ ಬೆಂಕಿ ಬಿದ್ದಿದೆ."

ಮಾವ ಹಾಳೆ ತಿರುಗಿಸಿದರು.

ಅತ್ತೆ ಮುಂದೆ ಬಂದು ಪೇಪರು ಕಿತ್ತುಕೊಂಡಳು. "ಎಷ್ಟು ವರ್ಷದಿಂದ?" ಅಂತ ಮಾತ್ರ ಕೇಳಿದಳು.

ಮಾವನ ಬಾಯಿಂದ ಒಂದೊಂದೇ ಹೊರಬಂತು. ಮಗ್ಗದ ಸದ್ದಿನಲ್ಲಿ ಬದುಕು ಕಳೆದ ಕಿವಿ ಮೆಲ್ಲಮೆಲ್ಲಗೆ ಕೈಕೊಟ್ಟಿತ್ತು. ಗಿರಣಿಯೊಳಗೆ ಏನೂ ತೊಂದರೆ ಇರಲಿಲ್ಲ. ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ತುಟಿ ನೋಡಿಯೇ ತಿಳಿದುಕೊಳ್ಳುವುದು. ಯಂತ್ರದ ಮೇಲೆ ಕೈಯಿಟ್ಟರೆ ಅದರ ನಡುಕದಲ್ಲೇ ರೋಗ ಗೊತ್ತಾಗುತ್ತಿತ್ತು. ಹೊರಗೆ ಬಂದರೆ ಕಷ್ಟ. ಅದಕ್ಕೇ ಯಾರು ಏನಂದರೂ ನಕ್ಕು ತಲೆಯಾಡಿಸುವುದು ಕಲಿತರು. ಬಂಧುಬಳಗವೆಲ್ಲ ಅದನ್ನು ಸಾಧು ಸ್ವಭಾವ ಅಂದುಕೊಂಡಿತು.

"ಆಫೀಸಿನೋರಿಗೆ ಅನುಮಾನ ಬರೋಕೆ ಶುರುವಾಗಿತ್ತು. ಈ ದೇಶದಲ್ಲಾದ್ರೆ ಕೇಳಿಸ್ದೆ ಇದ್ರೂ, ಪಾಪ, ಭಾಷೆ ಬರಲ್ಲ ಅಂದ್ಕೋತಾರೆ. ಅದಕ್ಕೇ ಒಪ್ಕೊಂಡೆ."

"ಮತ್ತೆ ನನ್ನ ಯಾಕೆ ಕಟ್ಕೊಂಡು ಬಂದ್ರಿ?"

"ನಿನ್ನ ಮಾತು ಗೊತ್ತಾಗತ್ತೆ. ಮುಖ ನೋಡಿದ್ರೆ ಸಾಕು."

ಅತ್ತೆಗೆ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಇಷ್ಟು ವರ್ಷ ಒಬ್ಬ ಮನುಷ್ಯ ಹೀಗೆ ಒಬ್ಬನೇ ಇದ್ದುಬಿಟ್ಟನಲ್ಲ, ನಾನು ಸಾರು ಬಡಿಸುತ್ತಾ ಪಕ್ಕದಲ್ಲೇ ಓಡಾಡುತ್ತಿದ್ದೆನಲ್ಲ ಎಂದು ಅವಳಿಗೆ ಕೊರಗು ಹತ್ತಿತು.

ಮಾರನೆಯ ದಿನವೇ ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದು ಪಟ್ಟು ಹಿಡಿದಳು. ಹೋಗಲು ಭಾಷೆ ಬೇಕಲ್ಲ! ಮಾವನಿಗೆ ಅರ್ಥ ಗೊತ್ತು, ಕಿವಿ ಇಲ್ಲ. ಅತ್ತೆಗೆ ಕಿವಿ ಇದೆ, ಅರ್ಥ ಗೊತ್ತಿಲ್ಲ. ಪಾಠ ಶುರುವಾಯಿತು. ಮಾವ ಪದ ಬರೆದು ಅರ್ಥ ಹೇಳುವರು. ಅತ್ತೆ ಚೀಟಿ ಹಿಡಿದು ಬ್ರೆಡ್ಡಿನ ಅಂಗಡಿಗೆ ಹೋಗಿ ಹುಡುಗಿಯ ಬಾಯಲ್ಲಿ ಅದನ್ನು ಹೇಳಿಸಿಕೊಂಡು ಬರುವಳು. ನೆರೆಮನೆಯವರನ್ನೂ ತಾನಾಗಿ ಮಾತಾಡಿಸದಿದ್ದ ಹೆಂಗಸು ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರವೆಲ್ಲ ತೊದಲತೊಡಗಿದಳು.

ಡಾಕ್ಟರು ನಡುವಯಸ್ಸಿನ ಹೆಂಗಸು. ಆಕೆ ಕೇಳಿದ್ದನ್ನು ಅತ್ತೆ ಕೇಳಿಸಿಕೊಂಡು, ಮಾವನ ಕಡೆ ತಿರುಗಿ ತುಟಿ ಅಗಲಿಸಿ ಹಾಗೇ ಆಡಿ ತೋರಿಸುವಳು. ಮಾವ ಅದರ ಅರ್ಥ ಕನ್ನಡದಲ್ಲಿ ಹೇಳುವರು. ಅತ್ತೆ ಅದಕ್ಕೆ ತಾನೇ ಉತ್ತರ ಕೊಡುವಳು. "ಕಿವಿ ನಂದೋ ನಿಂದೋ?" ಎಂದು ಮಾವ ರೇಗಿದಾಗ, ಒಂದಕ್ಷರ ತಿಳಿಯದ ಡಾಕ್ಟರೂ ನಕ್ಕುಬಿಟ್ಟರು.

ಕಿವಿಗೆ ಯಂತ್ರ ಬಂತು. ಹಾಕಿಕೊಂಡು ಮನೆಗೆ ಬಂದ ಮಾವ ಅಡುಗೆಮನೆಯಲ್ಲಿ ನಿಂತು ಹುಬ್ಬು ಗಂಟಿಕ್ಕಿದರು. "ಈ ಫ್ರಿಜ್ಜು ಯಾವಾಗ್ಲೂ ಹೀಗೇ ಗೊರಕೆ ಹೊಡೀತಿತ್ತಾ?"

"ಅದರದ್ದು ಏನೂ ಅಲ್ಲ. ನಿಮ್ಮದನ್ನ ನೀವೇ ಕೇಳ್ಬೇಕಿತ್ತು."

ಗಿರಣಿಯ ಮೇಲಿನವರಿಗೆ ಮಾವ ತಾವೇ ಹೋಗಿ ಹೇಳಿದರು. ಅವರು ಅದನ್ನು ದೊಡ್ಡದು ಮಾಡಲಿಲ್ಲ. ನಮ್ಮ ಕಡೆಯ ಕಂಪನಿ ಮಾತ್ರ, ಮರಳಿದ ಮೇಲೆ ಅವರನ್ನು ಮಗ್ಗದ ಕೆಲಸದಿಂದ ತೆಗೆದು ಹೊಸಬರಿಗೆ ಕಲಿಸುವ ಕೆಲಸಕ್ಕೆ ಹಾಕಿತು. ಯಂತ್ರ ಮುಟ್ಟದ ದಿನ ಮಾವನಿಗೆ ಅನ್ನ ಸೇರುತ್ತಿರಲಿಲ್ಲ. ಆ ನೋವು ಪೂರ್ತಿ ಹೋಗಲೇ ಇಲ್ಲ.

ಆದರೆ ಅತ್ತೆ ಹೇಳುತ್ತಿದ್ದದ್ದು ಆ ಪರದೇಶದ ಮನೆಯ ಕೊನೆಯ ದಿನಗಳಲ್ಲಿ ನಡೆದ ಒಂದು ಸಂಗತಿ. ಒಲೆಯ ಮುಂದೆ ನಿಂತು ಗಂಡನ ಮೇಲೆ, ಗಂಡನ ಮನೆಯವರ ಮೇಲೆ ಗೊಣಗುವುದು ಅವಳ ಹಳೇ ಚಾಳಿ. ಅವತ್ತೂ ತನ್ನ ಪಾಡಿಗೆ, "ನನ್ನ ತವರಿಗೆ ಹೊರಟಾಗ ಮಾತ್ರ ಇವರಿಗೆ ಕೆಲಸ ಬರತ್ತೆ" ಅಂದಳು.

"ಈ ಸಲ ಊರಿಗೆ ಹೋದ ತಕ್ಷಣ ನಿನ್ನ ತವರಿಗೇ ಹೋಗೋಣ" ಅಂತ ಹಿಂದಿನಿಂದ ದನಿ ಬಂತು.

ಅತ್ತೆಯ ಕೈಯ ಸೌಟು ಹಾಗೇ ನಿಂತಿತು. ಇಷ್ಟು ವರ್ಷ ಬೆನ್ನ ಹಿಂದೆ ಆಡಿದ್ದೆಲ್ಲ ಒಟ್ಟಿಗೆ ನೆನಪಾಯಿತು. ತಿರುಗಿ, ಅಂಜುತ್ತಲೇ ಕೇಳಿದಳು: "ನಾನು ಗೊಣಗಿದ್ದೆಲ್ಲ ನಿಮಗೆ ಕೇಳಿಸಿರ್ಲಿಲ್ಲ ತಾನೇ?"

"ಆಮೇಲಾಮೇಲಿನದು ಇಲ್ಲ" ಅಂದರು ಮಾವ. "ಮೊದಮೊದಲಿನದೆಲ್ಲ ಕೇಳಿಸಿತ್ತು."