ಲೆಫ್ಟ್ ಬ್ಯಾಕ್ ಬಲಕ್ಕೆ ಆಡಿದ ವರ್ಷ

ನನ್ನ ದನಿ ದೊಡ್ಡದು. ಇಚಲಕರಂಜಿಯಲ್ಲಿ ಮಗ್ಗದ ಶೆಡ್ಡಿನ ಪಕ್ಕ ಹುಟ್ಟಿ ಬೆಳೆದವರೆಲ್ಲರ ದನಿಯೂ ದೊಡ್ಡದೇ. ಇಪ್ಪತ್ತು ಪವರ್‌ಲೂಮು ಒಟ್ಟಿಗೆ ಬಡಿಯುತ್ತಿರುವಾಗ ಪಕ್ಕದಲ್ಲಿ ನಿಂತವನಿಗೆ ನೀರು ಕೊಡು ಅನ್ನಬೇಕಾದರೂ ಕಿರುಚಬೇಕು. ಆ ರೂಢಿ ಮನೆಗೂ ಬರುತ್ತದೆ, ಮದುವೆ ಮನೆಗೂ ಬರುತ್ತದೆ. ನಾನು ಕಿವಿಯಲ್ಲಿ ಗುಟ್ಟು ಹೇಳಿದರೆ ಓಣಿಗೆಲ್ಲ ಗೊತ್ತಾಗುತ್ತದೆ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದೇ ನಾನು ಎಷ್ಟೋ ವರ್ಷ ತಿಳಿದಿದ್ದೆ.

ಕೊಲ್ಹಾಪುರದಲ್ಲಿ ಪೇಟೆಗೊಂದು ಗರಡಿಮನೆ, ಗರಡಿಮನೆಗೊಂದು ಫುಟ್‌ಬಾಲ್ ತಂಡ. ಆ ತಂಡಗಳ ಅಭಿಮಾನ ಹುಟ್ಟಿನಿಂದಲೇ ಬರಬೇಕು. ಇಚಲಕರಂಜಿಯಿಂದ ಬೈಕು ಹೊಡೆದುಕೊಂಡು ಹೋದವನಿಗೆ ಅಲ್ಲಿ ನಿಲ್ಲಲು ಜಾಗ ಸಿಗಬಹುದು, ಅಭಿಪ್ರಾಯ ಹೇಳಲು ಸಿಗುವುದಿಲ್ಲ. ಹಾಗಾಗಿ ಕೆಲವು ವರ್ಷಗಳ ಹಿಂದೆ ಅಲ್ಲಿ ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಳ್ಳುವ ವೃತ್ತಿಪರ ತಂಡವೊಂದು ಶುರುವಾದಾಗ ನಮ್ಮಂಥ ಹೊರಗಿನವರಿಗೆ ಹಬ್ಬವಾಯಿತು. ಅದು ಯಾವ ಪೇಟೆಯದೂ ಅಲ್ಲ, ಆದ್ದರಿಂದ ನಮ್ಮದೂ ಹೌದು.

ನಾವು ಅಂದರೆ ಮೂವರು. ಒಬ್ಬ ನಾನು. ಇನ್ನೊಬ್ಬರು ಗಡಹಿಂಗ್ಲಜದಲ್ಲಿ ದನಕರುಗಳ ಔಷಧದ ಅಂಗಡಿ ಇಟ್ಟುಕೊಂಡಿರುವ ನನ್ನ ಭಾವ. ಪ್ರಾಯದಲ್ಲಿ ಊರಿನ ತಂಡಕ್ಕೆ ಗೋಲ್‌ಕೀಪರ್ ಆಗಿದ್ದವರು, ಅದನ್ನು ದಿನಕ್ಕೊಮ್ಮೆಯಾದರೂ ನೆನಪಿಸುವವರು. ಮೂರನೆಯವರು ಉದಗಾಂವದ ನಿವೃತ್ತ ಡ್ರಿಲ್ ಮಾಸ್ತರು. ಅವರು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ನೇಮದವರು. ಪಂದ್ಯ ಮುಗಿದ ಕೂಡಲೇ ಸ್ಟೇಡಿಯಂ ಹಿಂದಿನ ಚಹಾದಂಗಡಿಯಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ಯಾರು ಎಲ್ಲಿ ನಿಲ್ಲಬೇಕಿತ್ತು ಎಂಬುದನ್ನು ಮೇಜಿನ ಮೇಲೆ ರೊಟ್ಟಿಯ ಚೂರುಗಳನ್ನಿಟ್ಟು ತೋರಿಸುವರು. ವಿವರಣೆ ಮುಗಿದಂತೆ ಆಟಗಾರರನ್ನು ಒಬ್ಬೊಬ್ಬರಾಗಿ ತಿಂದು ಮುಗಿಸುವರು. ಆಮೇಲೆ ಅವರ ರೈಲಿನ ಹೊತ್ತಾಗುತ್ತಿತ್ತು.

ಮೂವರದೂ ಕನ್ನಡ ಮನೆ. ವ್ಯಾಪಾರ, ಕಚೇರಿ, ರಸ್ತೆಯ ಜಗಳ ಎಲ್ಲ ಮರಾಠಿಯಲ್ಲಿ ನಡೆಯುತ್ತದೆ, ಅದರ ಬಗ್ಗೆ ನಮಗೇನೂ ತಕರಾರಿಲ್ಲ. ಆದರೆ ಸ್ಟೇಡಿಯಮ್ಮಿನ ಪಡುವಣ ಮೆಟ್ಟಿಲುಗಳ ಕೆಳಸಾಲಿನಲ್ಲಿ, ಗೆರೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತಾಗ ನಾವು ಕನ್ನಡದಲ್ಲೇ ಮಾತಾಡುತ್ತಿದ್ದೆವು. ಮರಾಠಿಯಲ್ಲಿ ಒಬ್ಬ ಆಟಗಾರನನ್ನು ಬೈದರೆ ಅವನ ಗಲ್ಲಿಯ ಹುಡುಗರು ಹಿಂದೆಯೇ ಕೂತಿರುತ್ತಾರೆ. ಕನ್ನಡದಲ್ಲಿ ಬೈದರೆ ಬಾಗಿಲು ಹಾಕಿಕೊಂಡು ಬೈದ ಹಾಗೆ. ಕೊಲ್ಹಾಪುರದಲ್ಲಿ ಕನ್ನಡ ತಿಳಿಯುವವರು ಕಡಿಮೆಯೇನಿಲ್ಲ. ಅದು ನಮಗೆ ಗೊತ್ತಿತ್ತು, ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ವರ್ಷ ತಂಡಕ್ಕೆ ಹೊಸ ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ನಿಂತು ಎಡಬದಿ ಕಾಯುವವನು, ಬಂದ. ಮಣಿಪುರ, ಗೋವಾ, ಆಫ್ರಿಕಾದಿಂದ ಬಂದವರ ನಡುವೆ ಇವನೊಬ್ಬನೇ ನಮ್ಮ ಜಿಲ್ಲೆಯವನು. ಚಿಕ್ಕಂದಿನಿಂದ ಕೊಲ್ಹಾಪುರದ ಕ್ರೀಡಾ ವಸತಿನಿಲಯದಲ್ಲೇ ಬೆಳೆದವನು. ಜೊತೆಯವರೊಂದಿಗೆ ಅಚ್ಚ ಕೊಲ್ಹಾಪುರಿ ಮರಾಠಿ ಮಾತಾಡುತ್ತಿದ್ದ. ಅವನ ಕರಾರು ಒಂದೇ ವರ್ಷದ್ದು, ಚೆನ್ನಾಗಿ ಆಡಿದರೆ ಮುಂದುವರಿಸುತ್ತಾರೆ ಎಂಬುದು ಪೇಪರಿನಲ್ಲೂ ಬಂದಿತ್ತು. ಅಂದರೆ ಪ್ರತಿ ಪಂದ್ಯವೂ ಅವನಿಗೆ ಪರೀಕ್ಷೆಯೇ.

ಮೊದಲ ಪಂದ್ಯದ ಮೊದಲರ್ಧದಲ್ಲಿ ಅವನು ನಮ್ಮ ಮುಂದೆಯೇ ಆಡಿದ. ಚುರುಕಾಗಿದ್ದ, ಎಡಗಾಲು ಚೆನ್ನಾಗಿತ್ತು. ನಡುನಡುವೆ ನಮ್ಮ ಕಡೆ ತಿರುಗಿ ನೋಡುತ್ತಿದ್ದ, ಒಮ್ಮೆ ನಕ್ಕ ಹಾಗೂ ಕಂಡಿತು. ಆಟ ನೋಡು ಮಾರಾಯ, ಮಂದಿಯನ್ನಲ್ಲ ಎಂದು ನಾನು ಗೊಣಗಿದೆ. ಅಷ್ಟರಲ್ಲಿ ಎದುರಾಳಿಯೊಬ್ಬ ಅವನನ್ನು ದಾಟಿಕೊಂಡು ಹೋದ, ಗೋಲು ಬಿತ್ತು. ನನಗೆ ತಡೆಯಲಾಗಲಿಲ್ಲ.

"ಕುರಿ ಕಾಯಾಕ ಕಳಸ್ರಿ ಇವನ್ನ," ಅಂದೆ. "ಹಿಂಡ ಬಿಟ್ಟು ಎದ್ದು ಬಂದಂಗ ಅದಾನ."

ಭಾವ, ಮಾಸ್ತರು ಹೊಟ್ಟೆ ಹಿಡಿದು ನಕ್ಕರು. ಅಲ್ಲಿಂದ ಮುಂದೆ ಅವನಿಗೆ ನಮ್ಮಲ್ಲಿ ಕುರಿ ಎಂಬ ಹೆಸರೇ ಗಟ್ಟಿಯಾಯಿತು. ಹಚಾ, ಹಿಂಡಿಗೆ ಸೇರು, ತೋಳ ಬಂತು ನೋಡು: ಅವನು ಹತ್ತಿರ ಬಂದಾಗಲೆಲ್ಲ ನಾನು ಹೊಸದೊಂದು ಸೇರಿಸುತ್ತಿದ್ದೆ. ನನ್ನ ನಾಲಿಗೆಯ ಬಗ್ಗೆ ನನಗೆ ಆಗ ಹೆಮ್ಮೆಯಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ನಾಲ್ಕನೆಯ ಪಂದ್ಯದಿಂದ ಕೋಚ್ ಒಂದು ವಿಚಿತ್ರ ಶುರು ಮಾಡಿದರು. ಲೆಫ್ಟ್ ಬ್ಯಾಕನ್ನು ಒಂದು ಅರ್ಧ ಎಡಕ್ಕೆ, ಇನ್ನೊಂದು ಅರ್ಧ ಬಲಕ್ಕೆ ನಿಲ್ಲಿಸತೊಡಗಿದರು. ಕೆಲವು ಪಂದ್ಯಗಳಲ್ಲಿ ಮೊದಲು ಎಡ, ಕೆಲವುಗಳಲ್ಲಿ ಮೊದಲು ಬಲ. ಎಡಗಾಲಿನ ಹುಡುಗ ಬಲಕ್ಕೆ ನಿಂತರೆ ಚೆಂಡು ಬಂದಾಗಲೆಲ್ಲ ಒಳಗೆ ತಿರುಗಬೇಕು, ಒದೆಯಲು ಒಂದು ಗಳಿಗೆ ತಡ. ಆ ಅರ್ಧದಲ್ಲಿ ಅವನು ತಪ್ಪು ಮಾಡುತ್ತಿದ್ದ, ಪೇಪರಿನವರೂ ಬರೆದರು.

ಚಹಾದಂಗಡಿಯಲ್ಲಿ ಇದರ ಮೇಲೆ ನಾವು ವಾರಗಟ್ಟಲೆ ಕಾದಾಡಿದೆವು. ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಬದಲಿಸುತ್ತಾರೆ ಎಂದು ಮಾಸ್ತರು ರೊಟ್ಟಿಯ ಚೂರಿಟ್ಟು ಸಾಧಿಸಿದರು. ಮೋಡ ಮುಸುಕಿದ ದಿನವೂ ಬದಲಿಸಿದಾಗ ಆ ಚೂರನ್ನು ಸುಮ್ಮನೆ ಬಾಯಿಗೆ ಹಾಕಿಕೊಂಡರು. ಕೋಚ್ ಮೊಬೈಲಿನಲ್ಲಿ ಪರದೇಶದ ಪಂದ್ಯ ನೋಡಿ ಕೆಟ್ಟಿದ್ದಾರೆ ಎಂಬುದು ಭಾವನ ವಾದ. ಕೋಚಿಗೆ ಬೆನ್ನೆಲುಬಿಲ್ಲ, ಯಾರೋ ದೊಡ್ಡವರ ಮಾತು ಕೇಳಿ ಆಡಿಸುತ್ತಾರೆ ಎಂದು ನಾನು. ಒಮ್ಮೆ ಮಾತಿಗೆ ಮಾತು ಬೆಳೆದು ನಾನೂ ಭಾವನೂ ಹದಿನೈದು ದಿನ ಫೋನು ಬಿಟ್ಟೆವು; ಅಕ್ಕ ಇಬ್ಬರನ್ನೂ ಬೈದು ಸರಿ ಮಾಡಬೇಕಾಯಿತು. ಮೂವರಿಗೂ ಒಪ್ಪಿಗೆಯಿದ್ದದ್ದು ಒಂದೇ ವಿಷಯಕ್ಕೆ: ಈ ಹುಡುಗನನ್ನು ಬಿಟ್ಟುಬಿಡುವುದೇ ಲೇಸು.

ಆ ವರ್ಷದ ಕೊನೆಯ ಪಂದ್ಯದ ದಿನ ತಂಡದ ವ್ಯವಸ್ಥಾಪಕರೊಬ್ಬರು ಮೆಟ್ಟಿಲ ಬಳಿ ಸಿಕ್ಕರು. ಬಟ್ಟೆ ವ್ಯಾಪಾರದಿಂದ ನನಗೆ ಪರಿಚಯದವರು. ನೀವು ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ, ಮುಂದಿನ ವರ್ಷಕ್ಕೆ ಯಾರನ್ನು ಇಟ್ಟುಕೊಳ್ಳೋಣ ಹೇಳಿ ಎಂದು ಮರಾಠಿಯಲ್ಲಿ ಕೇಳಿದರು. ನನ್ನನ್ನು ಕೇಳಿದರಲ್ಲ ಎಂದು ಎದೆ ಉಬ್ಬಿತು. ಲೆಫ್ಟ್ ಬ್ಯಾಕನ್ನು ಮೊದಲು ಬಿಡಿ, ಮಿಕ್ಕದ್ದು ಆಮೇಲೆ ಎಂದೆ. ಅವರು ತಲೆಯಾಡಿಸಿ ಹೋದರು.

ಮೇ ತಿಂಗಳಲ್ಲಿ ಅಕ್ಕನ ಮನೆಗೆಂದು ಗಡಹಿಂಗ್ಲಜಕ್ಕೆ ಹೋಗಿದ್ದೆ. ಭಾವನ ಅಂಗಡಿಯಲ್ಲಿ ಕೂತು ಯಾವುದೋ ವಿಷಯ ಮಾತಾಡುತ್ತಿದ್ದೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು ಕುರಿಗಳಿಗೆ ಜಂತಿನ ಔಷಧ ಕೇಳುತ್ತ ಒಳಗೆ ಬಂದರು. ಅವರ ಹಿಂದೆ ಬಂದ ಹುಡುಗ ನನ್ನ ಮುಖ ನೋಡುವ ಮೊದಲೇ, ದನಿ ಕೇಳಿಯೇ ಮೆಟ್ಟಿಲ ಮೇಲೆ ನಿಂತುಬಿಟ್ಟ. ನಾನು ತಿರುಗಿ ನೋಡಿದೆ. ಜರ್ಸಿ ಇಲ್ಲದಿದ್ದರೂ ಗುರುತು ಸಿಕ್ಕಿತು.

"ಅಪ್ಪಾ, ನಾ ಹೊರಗ ನಿಂತಿರತೇನಿ," ಎಂದ ಅವನು.

ಅಷ್ಟೇ ಸಾಕಾಯಿತು. ಗಡಹಿಂಗ್ಲಜದ ಆಚೆಯ ಹಲಕರ್ಣಿ ಕಡೆಯ ಅಪ್ಪಟ ಕನ್ನಡ. ಒಂದು ವರ್ಷ ನಾನು ಆಡಿದ ಒಂದೊಂದು ಮಾತೂ ಸಾಲಾಗಿ ನೆನಪಿಗೆ ಬಂತು. ಅದರ ಜೊತೆಗೇ ಕೋಚಿನ ಒಗಟೂ ಬಿಡಿಸಿಕೊಂಡಿತು. ಅರ್ಧ ಸಮಯಕ್ಕೆ ತಂಡಗಳು ದಿಕ್ಕು ಬದಲಿಸುತ್ತವೆ. ಮೊದಲು ನಮ್ಮ ಮುಂದಿದ್ದ ಎಡಬದಿ ಆಮೇಲೆ ಆಚೆಯ ಗೆರೆಗೆ ಹೋಗುತ್ತದೆ. ಹುಡುಗ ಎಡದಿಂದ ಬಲಕ್ಕೆ ಹೋದರೂ, ಬಲದಿಂದ ಎಡಕ್ಕೆ ಬಂದರೂ, ನಾಲ್ಕನೆಯ ಪಂದ್ಯದ ನಂತರ ಒಮ್ಮೆಯೂ ನಮ್ಮ ಕಡೆಯ ಗೆರೆಯಲ್ಲಿ ಆಡಿರಲಿಲ್ಲ. ಮೂವರು ಪಂಡಿತರೂ ಎಡ ಬಲ ಎಂದು ಲೆಕ್ಕ ಹಾಕಿದೆವು, ಹತ್ತಿರ ದೂರ ಎಂದು ಯಾರೂ ಹಾಕಲಿಲ್ಲ.

ಭಾವನಿಗೆ ಇದಾವುದೂ ಹೊಳೆದಿರಲಿಲ್ಲ. ಗೋಡೆಯ ಮೇಲಿದ್ದ ತಂಡದ ಬಾವುಟ ನೋಡಿ ಹಿರಿಯರು, ಇದು ನಮ್ಮ ಹುಡುಗನ ಟೀಮಲ್ಲವೇ ಎಂದು ಕೇಳಿದರು. ಭಾವ ಉತ್ಸಾಹದಿಂದ, ನಾವು ಮೂವರು ಪ್ರತಿ ಪಂದ್ಯಕ್ಕೂ ಹೋಗುತ್ತೇವೆ, ಪಡುವಣ ಮೆಟ್ಟಿಲ ಕೆಳಸಾಲು ನಮ್ಮದೇ ಎಂದುಬಿಟ್ಟರು. ಹಿರಿಯರ ಮುಖ ಅರಳಿತು.

"ಹಂಗಾರ ಆ ಮಂದಿ ನೀವಽ ಏನ್ರೀ? ಮೊದಲನೇ ಮ್ಯಾಚ್ ಆದ ದಿವ್ಸ ಫೋನ್ ಮಾಡಿದ್ದ. ಅಪ್ಪಾ, ಇಲ್ಲಿ ನಮ್ಮ ಮಂದಿ ಬಂದು ಕುಂದರತಾರ, ಕನ್ನಡದಾಗ ಒದರತಾರ, ಭಾಳ ಖುಷಿ ಆತು ಅಂದ. ಅವರವ್ವ ಅವತ್ತ ಸಮಾಧಾನದಿಂದ ಉಂಡಳ್ರಿ."

ನಾನು ಕೌಂಟರಿನ ಮೇಲಿದ್ದ ಬಾಟಲಿ ಹಿಡಿದು ಅದರ ಚೀಟಿ ಓದುತ್ತ ನಿಂತೆ. ಅವರು ನನ್ನ ಕಡೆ ತಿರುಗಿದರು. ಮುಂದಿನ ವರ್ಷ ಮಗನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ತಿಳಿಯದು, ಕೇಳಿದರೆ ಅವನು ಬಾಯಿಯೇ ಬಿಡುವುದಿಲ್ಲ ಎಂದರು.

"ನಿಮ್ಮಂಥಾವರ ಮಾತ ಅಲ್ಲಿ ನಡೀತೈತಿ. ಒಂದ್ ಮಾತ ಹೇಳ್ರಿ," ಎಂದು ಕೈ ಮುಗಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

ಹೇಳಬಾರದ ಮಾತನ್ನು ಹೇಳಿ ಮೂರು ವಾರವಾಗಿತ್ತು. ಹೇಳ್ತೇನ್ರಿ ಎಂದು ಗೊಣಗಿ ಹೊರಗೆ ಬಂದೆ.

ಹುಡುಗ ಅಂಗಡಿಯ ಪಕ್ಕ ಬೈಕಿಗೆ ಒರಗಿ ನಿಂತಿದ್ದ. ತಪ್ಪಾಯಿತು ತಮ್ಮಾ ಎಂದು ಶುರು ಮಾಡಿದೆ. ನನ್ನ ಮಟ್ಟಿಗೆ ಅದು ಮೆಲ್ಲನೆಯ ದನಿ. ಎದುರಿನ ಅಂಗಡಿಯವನು ತಲೆಯೆತ್ತಿ ನೋಡಿದ.

"ಸಾವಕಾಶ ಮಾತಾಡ್ರಿ," ಎಂದ ಹುಡುಗ. "ಅಪ್ಪಗ ಕೇಳಸ್ತೈತಿ."

ಆ ಒಂದು ಮಾತಿಗೆ ನಾನು ಹಿಡಿಯಷ್ಟಾದೆ. ಮೈದಾನದಲ್ಲಿ ಅವನು ಕೇಳಿಸಿಕೊಂಡದ್ದನ್ನು ಅವನ ಅಪ್ಪ ಒಂದು ಗಳಿಗೆಯೂ ಕೇಳಬಾರದೆಂದು ಕಾಯುತ್ತಿದ್ದ. ನಮ್ಮಿಂದ ಖುಷಿಯಾಯಿತೆಂದು ಅಪ್ಪನಿಗೆ ಹೇಳಿದ್ದೇಕೆ ಎಂದು ಕೇಳಿದೆ. ಮೊದಲನೆಯ ದಿನ ಗೋಲು ಬೀಳುವ ತನಕ ನಿಜವಾಗಿಯೂ ಹಾಗೇ ಅನಿಸಿತ್ತು, ಆಮೇಲಿನದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ ಎಂದ. ಸಿಟ್ಟಿರಲಿಲ್ಲ ಅವನಲ್ಲಿ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಬದಲಿಗೆ ಒಂದು ಪ್ರಶ್ನೆ ಕೇಳಿದ, ಬಹಳ ದಿನದಿಂದ ತಿಳಿದುಕೊಳ್ಳಬೇಕೆಂದಿದ್ದವನ ಹಾಗೆ.

"ನಾವು ಕುರಿ ಸಾಕೂ ಮಂದಿ ಅಂತ ನಿಮಗ ಹೆಂಗ ಗೊತ್ತಾತ್ರಿ?"

ಗೊತ್ತಿರಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದನ್ನು ಆಡಿದ್ದೆ. ಸುಮ್ಮನೆ ಆಡಿದೆ ಎನ್ನುವುದು ಗೊತ್ತಿದ್ದು ಆಡಿದೆ ಎನ್ನುವುದಕ್ಕಿಂತ ವಾಸಿಯೇ ಎಂದು ಅಲ್ಲಿ ನಿಂತು ಯೋಚಿಸಿದೆ. ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬಾರದವನಿಗೆ ಕುರಿ ಕಾಯಿ ಹೋಗು ಅನ್ನುತ್ತೇವೆ. ಹಾಗನ್ನುವಾಗ ಕುರಿ ಕಾಯುವ ಮನೆಯೊಂದಿದೆ, ಅಲ್ಲಿಯೂ ಒಬ್ಬ ಮಗನಿದ್ದಾನೆ ಎಂದು ನಾನು ಒಮ್ಮೆಯೂ ನೆನೆದಿರಲಿಲ್ಲ. ಉತ್ತರ ಕೊಡುವಷ್ಟರಲ್ಲಿ ಅವನ ಅಪ್ಪ ಔಷಧದ ಚೀಲ ಹಿಡಿದು ಬಂದರು. ಇಬ್ಬರೂ ಬೈಕು ಹತ್ತಿ ಹೋದರು.

ಮರುದಿನವೇ ಕೊಲ್ಹಾಪುರಕ್ಕೆ ಹೋಗಬೇಕಿತ್ತು. ನಾಚಿಕೆ ಬಿಡಲಿಲ್ಲ, ಎಂಟು ದಿನ ತಡೆದೆ. ಆಮೇಲೆ ಒಂದು ಮುಂಜಾನೆ, ತಂಡ ಅಭ್ಯಾಸ ಮಾಡುವ ಮೈದಾನಕ್ಕೆ ಒಬ್ಬನೇ ಹೋಗಿ ಕೋಚಿನ ಮುಂದೆ ನಿಂತು ಎಲ್ಲವನ್ನೂ ಮರಾಠಿಯಲ್ಲಿ ಒಪ್ಪಿಸಿದೆ. ನನ್ನ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ, ಹುಡುಗನದು ತಪ್ಪಿಲ್ಲ, ಅವನನ್ನು ಇಟ್ಟುಕೊಳ್ಳಿ ಎಂದೆ.

ಕೋಚ್ ಅಭ್ಯಾಸಕ್ಕೆ ನಿಲ್ಲಿಸಿದ್ದ ಪ್ಲಾಸ್ಟಿಕ್ ಕೋನುಗಳನ್ನು ಒಂದರೊಳಗೊಂದು ಜೋಡಿಸುತ್ತ ಕೇಳಿದರು. ಬೆನ್ನೆಲುಬಿಲ್ಲದವರೆಂದು ನಾನು ಅಂದಿದ್ದ ಮನುಷ್ಯ ಒಂದು ಕೆಟ್ಟ ಮಾತೂ ಆಡಲಿಲ್ಲ. ನನ್ನ ಸಲಹೆಯನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಹುಡುಗನ ಹೆಸರು ಪಟ್ಟಿಯಲ್ಲೇ ಇತ್ತು ಎಂದರು. ನನ್ನ ಎದೆಯ ಭಾರ ಇಳಿಯಿತು. ಇಳಿದದ್ದು ಒಂದೇ ಗಳಿಗೆ.

ಅವನೇ ಬೇಡ ಎಂದ ಎಂದರು ಕೋಚ್. ನಿನ್ನೆ ಬಂದು, ದೂರದ ಯಾವುದಾದರೂ ತಂಡಕ್ಕೆ ಹೇಳಿ ಕಳಿಸಿಕೊಡಿ ಎಂದು ಕೇಳಿದನಂತೆ. ಪಂಜಾಬಿನಲ್ಲಿ ಅವರ ಗೆಳೆಯರೊಬ್ಬರ ತಂಡವಿತ್ತು. ಅಲ್ಲಿಯವರು ಆಡುವ ಮಾತು ನಿನಗೆ ಒಂದಕ್ಷರವೂ ತಿಳಿಯುವುದಿಲ್ಲವಲ್ಲ ಮಗನೇ, ಹೇಗೆ ಇರುತ್ತೀ ಎಂದು ಇವರು ಕೇಳಿದ್ದರು.

ಅದಕ್ಕೇ ಹೋಗುತ್ತೇನೆ ಸರ್ ಅಂದನಂತೆ.