ಕೊನೆಯ ಕಂತು, ಕಟ್ಟೆಯ ಮೇಲೆ

ನಮ್ಮದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ. ಯಜಮಾನರು ಬನಹಟ್ಟಿಯ ಬಟ್ಟೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಐದರ ಬಸ್ಸಿಗೆ ತೇರದಾಳಕ್ಕೆ ಬಂದು ಉಣ್ಣಬೇಕು. ಏಳಕ್ಕೆಲ್ಲ ತಾಟು ತೊಳೆದು ಇಟ್ಟಾಗಿರುತ್ತದೆ. ಆಮೇಲೆ ಗಂಡ ಹೆಂಡತಿ ಮಾಡುವುದೇನು? ಹನ್ನೊಂದು ವರ್ಷ ಒಂದೇ ಧಾರಾವಾಹಿ ನೋಡಿದೆವು. ನಾನು ಅದರೊಳಗಿನ ಅತ್ತೆಯನ್ನು ಬಯ್ಯುತ್ತ, ಸೊಸೆಗಾಗಿ ಅಳುತ್ತ, ಅವರು ತುಟಿ ಬಿಚ್ಚದೆ. ಆದರೆ ನಾನು ನೀರು ತರಲು ಒಳಗೆ ಹೋಗಿದ್ದರೆ, ಜಾಹೀರಾತು ಮುಗಿದ ಕೂಡಲೇ ‘ಏ, ಬಂತು ಬಾ’ ಎಂದು ಕೂಗುವವರು ಅವರೇ.

ಆ ವರ್ಷ ಚಾತುರ್ಮಾಸಕ್ಕೆ ಮುನಿ ಮಹಾರಾಜರು ನಮ್ಮ ಬಸದಿಯಲ್ಲೇ ನಿಂತರು. ನಾಲ್ಕು ತಿಂಗಳು ಏನಾದರೂ ಒಂದನ್ನು ಬಿಡುತ್ತೇವೆಂದು ಅವರ ಮುಂದೆ ನಿಯಮ ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಎದ್ದು ನಿಂತು ಹಾಗಲಕಾಯಿ ಬಿಟ್ಟಳು. ಜನ್ಮದಲ್ಲಿ ಅದನ್ನು ಮುಟ್ಟಿದವಳಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದವಳೇ ‘ಟಿವಿ ಬಿಟ್ಟೇನಿ’ ಅಂದೆ. ಧಾರಾವಾಹಿ ನೆನಪಾದದ್ದು ಕೂತ ಮೇಲೆ.

ಹತ್ತೇ ದಿನಕ್ಕೆ ಯಜಮಾನರು ಟಿವಿ ಮುಂದಿನಿಂದ ಎದ್ದು, ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದರು. ಧಾರಾವಾಹಿ ಮುಂದಿನ ತಿಂಗಳು ಮುಗಿಯುತ್ತದಂತೆ.

‘ಕಡೀ ದಿನ ಒಂದ ನೋಡು. ಯಾರಿಗಿ ಗೊತ್ತಾಕ್ಕೈತಿ?’

‘ನನಗ ಗೊತ್ತಾಕ್ಕೈತಲ್ರಿ.’

ಹೇಳಿದ್ದೇನೋ ಹೇಳಿದೆ, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಹನ್ನೊಂದು ವರ್ಷ ಜೊತೆಗೆ ಕಣ್ಣೀರು ಹಾಕಿದ ಆ ಸೊಸೆಯ ಕಡೆಯ ಗತಿ ನನಗೆ ಗೊತ್ತಾಗದೇ ಹೋಗುವುದೆಂದರೆ! ಮರುದಿನ ಧೈರ್ಯ ಮಾಡಿ ಮಹಾರಾಜರನ್ನೇ ಕೇಳಿದೆ: ಇವರು ನೋಡಿ ನನಗೆ ಕಥೆ ಹೇಳಿದರೆ ನಿಯಮ ಮುರಿಯುತ್ತದೆಯೇ? ಅವರು ನಕ್ಕರು. ‘ಟಿವಿ ಬಿಟ್ಟೀಯವ್ವಾ, ಗಂಡನ್ನಲ್ಲ,’ ಅಂದರು.

ಅಂದಿನಿಂದ ಏಳಕ್ಕೆ ನಾನು ಹೊರಗಿನ ಕಟ್ಟೆಯ ಮೇಲೆ, ಅವರು ಬಾಗಿಲು ಮುಚ್ಚಿಕೊಂಡು ಒಳಗೆ. ಮೊದಲ ದಿನ ಬಂದು ಹೇಳಿದ್ದಿಷ್ಟು: ‘ಅಕಿ ಅತ್ಲು. ಅವಾ ಬಂದಾ. ಮುಗೀತು.’

‘ಅರ್ಧಾ ತಾಸಿಗಿ ಇಷ್ಟ ಏನ್ರಿ? ಯಾವ ಸೀರಿ ಉಟ್ಟಿದ್ಲು, ಅದನ್ನರ ಹೇಳ್ರಿ!’

ಸೀರೆ ಅಂದದ್ದೇ ತಡ, ಅವರ ಬಾಯಿ ಬಿಚ್ಚಿತು. ಬಟ್ಟೆ ಅಂಗಡಿಯವರಲ್ಲವೇ? ಅಂಚು ಎಷ್ಟು ಅಗಲ, ಸೆರಗಿನ ಬಣ್ಣ ಯಾವುದು, ಅದನ್ನು ಹೇಗೆ ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಬಂದಳು, ಬಂದು ಏನಂದಳು. ಸೀರೆಯ ಹಿಂದೆ ಮಾತು ತಾನಾಗಿ ಬಂತು. ಹದಿನೈದು ದಿನಕ್ಕೆ ಅತ್ತೆಯ ದನಿಯನ್ನೂ ಮಾಡಿ ತೋರಿಸತೊಡಗಿದರು. ಓಣಿಯ ಹೆಂಗಸರು ತಮ್ಮ ಮನೆಗಳಲ್ಲಿ ನೋಡಿಯೂ, ‘ಇವರು ಹೇಳೂದಽ ಚೆಂದ’ ಎಂದು ನಗುತ್ತ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ.

ಕಡೆಯ ದಿನ ಅವರು ಹೊರಬಂದವರು ಕೂಡಲಿಲ್ಲ. ನಿಂತುಕೊಂಡೇ ಹೇಳಿದರು. ಮನೆಮಂದಿಯೆಲ್ಲ ಸೋತುಬಿಡು ಅನ್ನುತ್ತಿದ್ದಾರೆ. ಅವಳು ಪಡಸಾಲೆಯ ನಡುವೆ ನಿಂತು ಅಂದಳಂತೆ: ‘ನಗವ್ರು ನಗ್ರಿ. ನಾ ಒಮ್ಮಿ ಆಡಿದ್ದು ಆಡಿದ್ದಽ. ನನ್ನ ಮಾತು ನಾ ಉಳಿಸ್ಕೊಂಡೇನಿ, ಯಾರ ಮುಂದೂ ತಲಿ ತಗ್ಗಿಸೂದಿಲ್ಲ.’ ನಾನು ಅಳುತ್ತಲೇ ಚಪ್ಪಾಳೆ ಹೊಡೆದೆ. ಅಂತೂ ನಮ್ಮವಳು ಗೆದ್ದಳು!

ದೀಪಾವಳಿಗೆ ನನ್ನ ನಿಯಮ ಒಂದು ದಿನವೂ ತಪ್ಪದೆ ಪೂರ್ತಿಯಾಯಿತು. ಬಸದಿಯಿಂದ ಬಂದವಳೇ, ಇವರನ್ನು ಪಕ್ಕಕ್ಕೆ ಕೂಡಿಸಿಕೊಂಡು ಫೋನಿನಲ್ಲಿ ಕಡೆಯ ಕಂತು ಹಚ್ಚಿದೆ. ಅವಳು ಅತ್ತಳು. ಎಲ್ಲರ ಕಾಲಿಗೆ ಬಿದ್ದಳು. ತಪ್ಪಾಯಿತು ಅಂದಳು. ಇವರು ಹೇಳಿದ್ದರಲ್ಲಿ ಒಂದು ಮಾತೂ ಅಲ್ಲಿರಲಿಲ್ಲ.

‘ಹಂಗಾರ ಆ ಮಾತು ಎಲ್ಲಿಂದ ತಂದ್ರಿ?’

‘ನಿನ್ನ ಕಿವಿಗಿ ಬೀಳಬಾರ್ದಂತ ದಿನಾ ಸೌಂಡ್ ಬಂದ್ ಮಾಡೇ ನೋಡ್ತಿದ್ದೆ,’ ಅಂದರು. ‘ಕಡೀ ದಿನ ಅಕಿ ಕಾಲಿಗಿ ಬೀಳೂದು ನೋಡಿದೆ. ಅದನ್ನ ನಿನಗ ಹೆಂಗ ಹೇಳ್ಲಿ? ಹೊರಗ ಬಂದ್ರ ನೀ ಕುಂತಿದ್ದಿ. ನಿನ್ನ ನೋಡಕೋತ ಹೇಳಿದೆ.’

ಕಂತು ಇನ್ನೂ ಎರಡು ನಿಮಿಷ ಉಳಿದಿತ್ತು. ನಾನೇ ಬಂದ್ ಮಾಡಿದೆ.

‘ನಮ್ಮದಽ ಖರೇದ್ರಿ,’ ಅಂದೆ.